ಮೂರನೆಯ ಸಲ ಕೇಳುವವರೆಗೆ

ನಮ್ಮ ಸ್ವಾನ್ ಗ್ರೋವ್ ಊರಿನಲ್ಲಿ ತಟ್ಟೆಯ ಕೊನೆಯ ತುಂಡನ್ನು ಯಾರೂ ತಿನ್ನುವುದಿಲ್ಲ. ಅರ್ಧ ಕತ್ತರಿಸಿ ತೆಗೆದುಕೊಂಡು ಅರ್ಧ ಬಿಡುತ್ತಾರೆ. ಮುಂದೆ ಬಂದವರು ಆ ಅರ್ಧದಲ್ಲಿ ಅರ್ಧ ಮಾಡುತ್ತಾರೆ. ಕೊನೆಗೆ ಇರುವೆಯೂ ಮೂಸದಷ್ಟು ಚೂರು ಉಳಿದು, ಒಣಗಿ, ತಟ್ಟೆ ತೊಳೆಯುವವನ ಪಾಲಾಗುತ್ತದೆ. ತಟ್ಟೆ ತೊಳೆಯುವವನು ನಾನೇ, ಹಾಗಾಗಿ ಈ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು.

ನನ್ನ ಹೆಸರು ಆರ್ಲೆನ್ ಟೊಲೆಫ್‌ಸನ್. ಮಿನೆಸೋಟದ ಈ ಊರಿನ ಶಾಲಾ ಬಸ್ಸನ್ನು ಮೊಣಕಾಲು ಸಾಕು ಎನ್ನುವವರೆಗೆ ಓಡಿಸಿದೆ. ಈಗ ಗುರುವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕಾಯಿಸುತ್ತೇನೆ. ಅಲ್ಲಿ ನನ್ನ ಹೆಂಡತಿ ಆರ್ಡಿಸ್ ಇಂಗ್ಲಿಷ್ ಕಲಿಸುತ್ತಾಳೆ. ಕಲಿಯುವವರೆಲ್ಲ ಟರ್ಕಿ ಕೋಳಿಯ ಕಾರ್ಖಾನೆಗೆ ದುಡಿಯಲು ದೂರದೂರದಿಂದ ಬಂದು ನಮ್ಮೂರಿನವರೇ ಆಗಿಬಿಟ್ಟವರು. ಇಡೀ ದಿನ ನಿಂತು ಕೋಳಿ ಕತ್ತರಿಸಿ, ಸ್ನಾನ ಮಾಡಿ, ಅಚ್ಚುಕಟ್ಟಾಗಿ ತಲೆ ಬಾಚಿಕೊಂಡು ಬರುತ್ತಾರೆ. ಬಂದವರನ್ನು ಆರ್ಡಿಸ್ ಬಾಲ ಹಿಡಿಸಿ ಕೂರಿಸುತ್ತಾಳೆ.

ಬಾಲ ಎಂದರೆ ಏನೆಂದು ಹೇಳಿಬಿಡುತ್ತೇನೆ. ನಮ್ಮ ಇಂಗ್ಲಿಷಿನಲ್ಲಿ ಒಂದು ಜಾತಿಯ ಮಾತುಗಳಿವೆ. ನಾವು ಮಾಡಿದ್ದನ್ನಲ್ಲ, ನಮಗೆ ಆದದ್ದನ್ನು ಹೇಳುವ ಮಾತುಗಳು. ಬೇಸತ್ತದ್ದು, ಗಾಬರಿಯಾದದ್ದು, ಮದುವೆಯಾದದ್ದು, ಹಿಮ ಮುಚ್ಚಿಕೊಂಡದ್ದು. ಇವುಗಳ ಹಿಂದೆ ಒಂದೊಂದು ಚಿಕ್ಕ ಪದ ಅಂಟಿಕೊಳ್ಳುತ್ತದೆ: ಬೈ, ವಿತ್, ಟು, ಆಫ್, ಇನ್. ಯಾವ ಮಾತಿಗೆ ಯಾವ ಪದ ಎಂಬುದಕ್ಕೆ ಹಿಂದಿಲ್ಲ ಮುಂದಿಲ್ಲ. ರಸ್ತೆಯನ್ನು ಹಿಮ ಮುಚ್ಚಿದರೆ ವಿತ್, ಚಳಿಗಾಲ ಬೇಸರವಾದರೆ ಆಫ್, ಯಾವುದಾದರೂ ಕೆಲಸದಲ್ಲಿ ಆಸಕ್ತಿಯಿದ್ದರೆ ಇನ್. ಹುಟ್ಟಿನಿಂದ ಆಡಿದ ನಮಗೆ ಇದು ಗೊತ್ತೇ ಆಗುವುದಿಲ್ಲ, ಕಲಿಯುವವರಿಗೆ ಮಾತ್ರ ಕಬ್ಬಿಣದ ಕಡಲೆ. ಆರ್ಡಿಸ್ ಇವನ್ನೇ ಬಾಲ ಎನ್ನುತ್ತಾಳೆ. ಯಾಕೆ ಹೀಗೆ ಎಂದು ಯಾರಾದರೂ ಕೇಳಿದರೆ ಅವಳದು ಒಂದೇ ಉತ್ತರ: "ಹಸೂಗೆ ಹಸು ಬಾಲ, ಹಂದಿಗೆ ಹಂದಿ ಬಾಲ. ಯಾಕೆ ಅಂತ ದೇವರನ್ನ ಕೇಳಿ."

ಬಂದವರೆಲ್ಲ ಮೊದಮೊದಲು ಎಲ್ಲಕ್ಕೂ ಬೈ ಅಂಟಿಸುತ್ತಾರೆ. ಪಾ ಲೇ ಎಂಬ ಹೆಂಗಸು ಬಂದ ಹೊಸದರಲ್ಲಿ ಎದ್ದು ನಿಂತು, ತನಗೆ ಗಂಡನ ಬೈ ಮದುವೆಯಾಗಿದೆ ಎಂದಳು. ಹಾಗೆಂದರೆ ಗಂಡನೇ ಪಾದ್ರಿಯಾಗಿ ನಿಂತು ಮದುವೆ ಮಾಡಿಸಿದ ಎಂದಾಗುತ್ತದೆ. ಸೊಮಾಲಿಯದ ಹಿಬಾಕ್ ಎಂಬವಳಿಗೆ ಇಂಥದ್ದು ಸಿಕ್ಕರೆ ಹಬ್ಬ. "ನಿನ್ನ ಗಂಡ ಅಷ್ಟು ಒಳ್ಳೇ ಕೆಲಸ ಮಾಡ್ತಾನಾದ್ರೆ ನನಗೂ ಒಂದು ಮಾಡಿಸ್ಕೊಡೋಕೆ ಹೇಳು," ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಪಾ ಲೇ.

ಆದರೆ ನಿಜ ಹೇಳಬೇಕೆಂದರೆ ಆ ಬೈ ಎಂಬ ಬಾಲ ನಮ್ಮೂರಿನಲ್ಲಿ ಬಳಕೆಯಲ್ಲಿಯೇ ಇಲ್ಲ. ಬೈ ಹೇಳಿದರೆ ಮಾಡಿದವರು ಯಾರು ಎಂದೂ ಹೇಳಬೇಕಾಗುತ್ತದೆ, ಅದು ನಮಗೆ ಆಗದ ಕೆಲಸ. ಇಲ್ಲಿ ಯಾರೂ ಏನೂ ಮಾಡುವುದಿಲ್ಲ, ಎಲ್ಲ ತಾನಾಗಿ ಆಗುತ್ತದೆ. ಕಾಫಿ ಚೆಲ್ಲಿಹೋಗಿರುತ್ತದೆ. ಬಾಗಿಲು ತೆರೆದುಹೋಗಿರುತ್ತದೆ. ಒಮ್ಮೆ ನನ್ನ ಬಸ್ಸು ಪಕ್ಕದ ಮನೆಯವರ ಅಂಚೆ ಡಬ್ಬಿಯನ್ನು ಬೀಳಿಸಿದಾಗ ಆ ಪುಣ್ಯಾತ್ಮ ಬಂದು, ಡಬ್ಬಿಗೆ ಸ್ವಲ್ಪ ಏಟು ಬಿದ್ದಹಾಗಿದೆ ಎಂದು ಹೇಳಿ ಹೋದ. ಬೀಳುವಾಗ ಅವನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದ.

ಬೇಕು ಎಂಬ ಮಾತಿನ ಕತೆಯೂ ಅಷ್ಟೇ. ಅದನ್ನು ಆರ್ಡಿಸ್ ಜನವರಿಯಲ್ಲಿ ಒಂದು ಪಾಠವನ್ನೇ ಮಾಡಿ ಹೇಳಿಕೊಟ್ಟಳು. ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲ, ನಿಮಗೆ ಯಾಕೆ ಸುಮ್ಮನೆ ತೊಂದರೆ ಎನ್ನಬೇಕು. ಮೂರನೆಯ ಸಲ ಕೇಳಿದರೆ, ನೀವು ಅಷ್ಟು ಹೇಳುವುದಾದರೆ ಎಂದು ತೆಗೆದುಕೊಳ್ಳಬೇಕು. ತಮ್ಮ ಕಡೆ ಬೇಡ ಎಂದವರ ಬಾಯಿಗೇ ತುರುಕುತ್ತಾರೆ ಎಂದಳು ಹಿಬಾಕ್. ಗ್ವಾಟೆಮಾಲದ ಎಲಿಸಿಯೊ, ತಮ್ಮಲ್ಲಿ ಬೇಡ ಎಂದರೆ ಅಮ್ಮಂದಿರು ಅತ್ತುಬಿಡುತ್ತಾರೆ ಎಂದ. ಪಾ ಲೇ ಮಾತ್ರ ಸಮಾಧಾನದಿಂದ ತಲೆಯಾಡಿಸಿದಳು. ಅವಳು ಬರ್ಮಾದ ಕರೆನ್ ಜನದವಳು. ಥಾಯ್ ಗಡಿಯ ನಿರಾಶ್ರಿತರ ಶಿಬಿರದಲ್ಲಿ ಬೆಳೆದವಳು. ಊಟ ಆಯ್ತಾ ಎಂದು ಯಾರಾದರೂ ಕೇಳಿದರೆ ಹೊಟ್ಟೆ ಚುರುಗುಟ್ಟುತ್ತಿದ್ದರೂ ಆಯ್ತು ಎನ್ನಬೇಕು, ಕೇಳಿದವರು ಕೈ ಹಿಡಿದು ಕೂರಿಸುವವರೆಗೆ ಕೂರಬಾರದು ಎಂದು ಅವಳ ಅಜ್ಜಿ ಕಲಿಸಿದ್ದಳಂತೆ. "ಥರಾಮು, ಇದು ನಮ್ಮ ಹಾಗೇ ಇದೆ," ಎಂದಳು. ಥರಾಮು ಎಂದರೆ ಅವರ ಭಾಷೆಯಲ್ಲಿ ಟೀಚರಮ್ಮ. ಇಷ್ಟು ದೂರ ಬಂದು ಒಂದಾದರೂ ತನ್ನದು ಸಿಕ್ಕಿತಲ್ಲ ಎಂಬ ಹಿಗ್ಗು ಅವಳ ಮುಖದಲ್ಲಿತ್ತು.

ಪಾ ಲೇಯ ಸ್ಥಿತಿ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವಳು ವರ್ಷಗಟ್ಟಲೆ ಕಾರ್ಖಾನೆಯ ರಾತ್ರಿ ಪಾಳಿಯಲ್ಲಿ ನಿಂತು ಕೋಳಿಯ ರೆಕ್ಕೆ ಕತ್ತರಿಸಿದವಳು. ಅಲ್ಲಿಯ ಚಳಿಗೆ ಬೆರಳುಗಳು ಸೆಟೆದುಕೊಂಡಿದ್ದವು. ಅವಳು ಮನೆಗೆ ಬರುವ ಹೊತ್ತಿಗೆ ಮಗಳು ಶಾಲೆಗೆ, ಮಗಳು ಬರುವ ಹೊತ್ತಿಗೆ ಅವಳು ನಿದ್ದೆಗೆ. ಕಳೆದ ಶರತ್ಕಾಲದಲ್ಲಿ ಶಾಲೆಯ ಅಡುಗೆಮನೆಯಲ್ಲಿ ಒಬ್ಬಾಕೆ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ಆ ಜಾಗಕ್ಕೆ ಇವಳು ತಾತ್ಕಾಲಿಕವಾಗಿ ಬಂದಳು. ಹಗಲಿನ ಕೆಲಸ, ಬೆಚ್ಚಗಿನ ಜಾಗ. ಮಧ್ಯಾಹ್ನ ಮಗಳು ತಟ್ಟೆ ಹಿಡಿದು ಸಾಲಿನಲ್ಲಿ ಬಂದಾಗ ಅವಳ ತಟ್ಟೆಗೆ ತಾನೇ ಬಡಿಸುತ್ತಿದ್ದಳು. ಸಂಜೆ ಮಗಳ ಜೊತೆ ಕೈ ಹಿಡಿದು ಮನೆಗೆ ಹೋಗುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಸೊಂಟ ಮುರಿದಾಕೆ ಇನ್ನು ಬರುವುದಿಲ್ಲವೆಂದು ಹೇಳಿಬಿಟ್ಟದ್ದರಿಂದ ಈಸ್ಟರಿನ ನಂತರ ಆ ಜಾಗ ಯಾರಾದರೊಬ್ಬರಿಗೆ ಕಾಯಂ ಆಗಬೇಕಿತ್ತು. ಅದು ಪಾ ಲೇಗೆ ಸಿಗದಿದ್ದರೆ ಮತ್ತೆ ರಾತ್ರಿ ಪಾಳಿ, ಮತ್ತೆ ಮಲಗಿದ ಮಗಳ ಮುಖ.

ಫೆಬ್ರುವರಿಯ ಒಂದು ಗುರುವಾರ ಅವಳು ಮುಖವರಳಿಸಿಕೊಂಡು ಬಂದಳು. ಕಾಯಂ ಕೆಲಸಕ್ಕೆ ಬರುತ್ತೀಯಾ ಎಂದು ಅಡುಗೆಮನೆಯ ಮೇಲ್ವಿಚಾರಕ ಡಿ ನಾರ್ಡೊ ಅವಳನ್ನು ಕೇಳಿದನಂತೆ. ಅವಳು, ಬೇಡ, ನನಗಿಂತ ಒಳ್ಳೆಯವರು ಸಿಗುತ್ತಾರೆ ಎಂದಳಂತೆ. ನಿಜವಾಗಿಯೂ ಬೇಡವಾ ಎಂದು ಅವನು ಇನ್ನೊಮ್ಮೆ ಕೇಳಿದನಂತೆ. ನಿಜವಾಗಿಯೂ ಬೇಡ, ನಿಮಗೆ ಯಾಕೆ ತೊಂದರೆ ಎಂದಳಂತೆ. ಆಗ ಅವನು, "ಸರಿ, ಅರ್ಥ ಆಯ್ತು," ಎಂದು ಹೊರಟುಹೋದನಂತೆ. "ಎರಡು ಸಲ ಕೇಳಿ ಆಯ್ತು," ಎಂದು ಪಾ ಲೇ ಎರಡು ಬೆರಳು ಎತ್ತಿ ತೋರಿಸಿದಳು. ತರಗತಿಯವರೆಲ್ಲ ಚಪ್ಪಾಳೆ ತಟ್ಟಿದರು. ಆರ್ಡಿಸ್‌ಗಂತೂ ತನ್ನ ಪಾಠ ಫಲ ಕೊಟ್ಟಿತೆಂದು ಕಣ್ಣೇ ತುಂಬಿಬಂತು.

ನಾನು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಈ ಡಿ ನಾರ್ಡೊ ಕಳೆದ ಆಗಸ್ಟಿನಲ್ಲಿ ನ್ಯೂಜೆರ್ಸಿಯಿಂದ ಬಂದವನು. ಬೇಕು ಎಂದರೆ ಬೇಕು, ಬೇಡ ಎಂದರೆ ಬೇಡ ಎನ್ನುವ ಜನ ಅವರು. ಬಂದ ತಿಂಗಳಲ್ಲೇ ಚರ್ಚಿನ ಊಟಕ್ಕೆ ಬಂದು, ಕೊನೆಯ ತುಂಡು ಯಾರಾದರೂ ತಗೋತೀರಾ ಎಂದು ಒಮ್ಮೆ ಕೇಳಿ, ಯಾರೂ ಉತ್ತರ ಕೊಡದಿದ್ದಾಗ ಇಡಿಯಾಗಿ ಎತ್ತಿ ಬಾಯಿಗೆ ಹಾಕಿಕೊಂಡಿದ್ದ. ಊರಲ್ಲಿ ಅದರ ಮಾತು ಇನ್ನೂ ಮುಗಿದಿಲ್ಲ. ಇಂಥವನು ಮೂರನೆಯ ಸಲ ಕೇಳುತ್ತಾನೆಯೇ? ಮನೆಗೆ ಹೋಗುವ ದಾರಿಯಲ್ಲಿ ಇದನ್ನೇ ಆರ್ಡಿಸ್‌ಗೆ ಹೇಳಿದೆ.

"ಬಾಯಲ್ಲಿ ಒಳ್ಳೇದು ಬರಲ್ಲ ನಿಮಗೆ," ಎಂದಳು. "ಯಾರೇ ಆಗ್ಲಿ, ಎರಡು ಸಲ ಕೇಳಿದೋರು ಮೂರನೇ ಸಲ ಕೇಳ್ದೇ ಇರ್ತಾರಾ?"

ಮುಂದಿನ ಗುರುವಾರ ಬಂತು. ಡಿ ನಾರ್ಡೊ ಕೇಳಿರಲಿಲ್ಲ. ಪಾ ಲೇ ದಿನವೂ ಒಂದಲ್ಲ ಒಂದು ನೆಪ ಮಾಡಿಕೊಂಡು ಅವನ ಕೋಣೆಯ ಬಾಗಿಲ ಬಳಿ ನಿಂತು ಕೈ ಒರೆಸಿಕೊಳ್ಳುತ್ತಿದ್ದಳಂತೆ. ಅವನು ನಗುತ್ತ ನಮಸ್ಕಾರ ಹೇಳಿ ಹೋಗುತ್ತಿದ್ದನಂತೆ, ಅಷ್ಟೇ. ಅದರ ಮುಂದಿನ ಗುರುವಾರ ಅವಳು ಬಂದವಳೇ ಹಿಂದಿನ ಕುರ್ಚಿಯಲ್ಲಿ ಕೂತುಬಿಟ್ಟಳು. ಕೆಲಸ ಬೇಕಾದವರು ಬಂದು ಕೇಳಿ ಎಂದು ಶಾಲೆಯ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಇಬ್ಬರು ಆಗಲೇ ಬಂದು ಹೋಗಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದು ಇದೇ. ತಪ್ಪು ತನ್ನದೇ ಇರಬೇಕು, ಬೇಡ ಎಂದದ್ದು ಸಾಕಷ್ಟು ಮೃದುವಾಗಿರಲಿಲ್ಲವೇನೋ ಎಂದಳು ಆ ಪುಣ್ಯಾತ್ಗಿತ್ತಿ. ಅದನ್ನು ಕೇಳಿ ನನಗೆ ಅಳು ಬಂದಹಾಗಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಕಾಫಿ ಪಾತ್ರೆಯನ್ನು ಜೋರಾಗಿ ಕುಕ್ಕಿದೆ.

ಆರ್ಡಿಸ್ ಆ ರಾತ್ರಿ ಮಲಗಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಮನೆಯ ಮೇಜಿನ ಮೇಲೆ ಒಂದು ಅಗಲವಾದ ತಟ್ಟೆಯ ತುಂಬ ನಿಂಬೆ ಬಾರ್ ಎಂಬ ಹುಳಿಸಿಹಿ ತಿಂಡಿ ಚೌಕಚೌಕವಾಗಿ ಕತ್ತರಿಸಿ ಸಕ್ಕರೆಪುಡಿ ಉದುರಿಸಿಕೊಂಡು ಕೂತಿತ್ತು. ಡಿ ನಾರ್ಡೊ ಹತ್ತಿರ ತಾನೇ ಹೋಗಿ ಮಾತಾಡಿ ಸರಿಮಾಡುತ್ತೇನೆ, ಕಾರು ತೆಗೆಯಿರಿ ಎಂದಳು. ತೆಗೆದೆ.

ಆ ಮಾತುಕತೆಗೆ ನಾನೇ ಸಾಕ್ಷಿ. ಮೊದಲು ಹವಾಮಾನ. ಆಮೇಲೆ ಡಿ ನಾರ್ಡೊನ ಹೆಂಡತಿಯ ನೆಗಡಿ. ಆಮೇಲೆ ಮತ್ತೆ ಹವಾಮಾನ. ನಂತರ ಆರ್ಡಿಸ್ ಗಂಟಲು ಸರಿಮಾಡಿಕೊಂಡು, ಕೆರೆಯ ಮೇಲಿನ ಮಂಜುಗಡ್ಡೆ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತದೆ, ಆದರೆ ಒಳಗೆ ನೀರು ಹರಿಯುತ್ತಲೇ ಇರುತ್ತದೆ, ಕೆಲವರೂ ಹಾಗೆಯೇ ಎಂದಳು. ಡಿ ನಾರ್ಡೊ ಗಾಬರಿಯಿಂದ, ಹಾಗಾದರೆ ಈಗ ಊರವರ ಹಾಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾರು ಓಡಿಸಬಾರದೇ ಎಂದು ಕೇಳಿದ. ಓಡಿಸಬಾರದು ಎಂದಳು ಆರ್ಡಿಸ್. ಅವನು ಎರಡು ಬಾರ್ ತಿಂದು, ಬಹಳ ಚೆನ್ನಾಗಿದೆ, ಬೇರೇನಾದರೂ ಇತ್ತೇ ಎಂದ. "ಏನಿಲ್ಲಪ್ಪ, ಹೀಗೇ ಬಂದ್ವಿ," ಎಂದಳು ನನ್ನ ಹೆಂಡತಿ.

ಕಾರಿನಲ್ಲಿ ಕೂತ ಮೇಲೆ ಅವಳೇ ಮಾತು ತೆಗೆದಳು. "ಸೂಕ್ಷ್ಮವಾಗಿ ಹೇಳಿದೀನಿ. ಅವರಿಗೆ ಅರ್ಥ ಆಗತ್ತೆ."

"ಆಗಿದೆ," ಎಂದೆ. "ಆ ಮನುಷ್ಯ ಇನ್ನು ಕೆರೆ ಕಡೆ ತಲೆ ಹಾಕಿ ಮಲಗಲ್ಲ."

ಮನೆ ತಲುಪುವವರೆಗೆ ಅವಳು ನನ್ನ ಜೊತೆ ಮಾತಾಡಲಿಲ್ಲ. ಶಾಲೆಯಿಂದ ನಮ್ಮ ಮನೆಗೆ ನಾಲ್ಕೇ ಬೀದಿ, ಆದರೂ ಅದು ಬಹಳ ದೂರವೆನಿಸಿತು.

ಮನೆಯಲ್ಲಿ ಅವಳು ಕೋಟು ಬಿಚ್ಚದೆ ಕೂತಿದ್ದಳು. ತನ್ನ ತಾಯಿಯೂ ಹೀಗೇ, ತಾಯಿಯ ತಾಯಿಯೂ ಹೀಗೇ ಎಂದು ತನಗೆ ತಾನೇ ಎನ್ನುವಂತೆ ಹೇಳಿದಳು. ಬಾಯಿ ತೆರೆದು ಕೇಳುವುದೆಂದರೆ ಏನೆಂದು ತನಗೇ ಗೊತ್ತಿಲ್ಲ, ಇನ್ನು ಪಾ ಲೇಗೆ ಹೇಗೆ ಕಲಿಸಲಿ ಎಂದಳು. ಅವಳನ್ನು ಕಂಡು ನನ್ನ ಕುಚೋದ್ಯವೆಲ್ಲ ಇಳಿದುಹೋಯಿತು.

ಶನಿವಾರ ಮಧ್ಯಾಹ್ನ ಆರ್ಡಿಸ್ ಪಾ ಲೇಯನ್ನೂ ಹಿಬಾಕ್‌ಳನ್ನೂ ಎಲಿಸಿಯೊನನ್ನೂ ನೆಲಮಾಳಿಗೆಗೆ ಕರೆದಳು. ಪಾ ಲೇ ತಾನೇ ಹೋಗಿ ಕೇಳಬೇಕು, ಬೇರೆ ದಾರಿಯಿಲ್ಲ ಎಂದಳು ಹಿಬಾಕ್. ಕೇಳದೆ ತಾಯಿಯೂ ಹಾಲು ಕೊಡುವುದಿಲ್ಲ ಎಂಬುದು ಯಾವ ದೇಶದಲ್ಲಾದರೂ ನಿಜವೇ. ಆದರೆ ಪಾ ಲೇ ತಲೆಯೆತ್ತಲಿಲ್ಲ.

"ಶಿಬಿರದಲ್ಲಿ ಅಕ್ಕಿ ಕೊಡೋವಾಗ ಮುಂದೆ ನುಗ್ಗಿ ಕೇಳೋರು ಇರ್ತಿದ್ರು," ಎಂದಳು. "ಅಜ್ಜಿ ಹೇಳ್ತಿದ್ಲು, ನೋಡು, ಅವರು ಕೇಳಿದ್ದು ಹಿಂದೆ ನಿಂತೋರ ಅಕ್ಕಿ. ಈಗ ನಾನು ಕೇಳಿದ್ರೆ ಆ ಇಬ್ಬರ ಕೆಲಸ ಕಿತ್ಕೊಂಡ ಹಾಗೆ."

ಆಗ ಎಲಿಸಿಯೊ ಬಾಯಿ ಬಿಟ್ಟ. ಅವನು ಮಾತು ಕಡಿಮೆಯವನು. "ಇಲ್ಲಿ ಅಕ್ಕಿ ಇರೋದು ಒಬ್ಬರಿಗೆ, ಅಕ್ಕ. ಹಿಂದೆ ನಿಂತಿರೋದು ನಿನ್ನ ಮಗಳು."

ಪಾ ಲೇ ಅವನನ್ನೇ ನೋಡಿದಳು. ಆಮೇಲೆ ಕೋಟು ತೆಗೆದು ಕುರ್ಚಿಗೆ ಹಾಕಿ, ಹೇಗೆ ಹೇಳಬೇಕು, ಹೇಳಿಕೊಡಿ ಎಂದಳು.

ನನ್ನನ್ನು ಡಿ ನಾರ್ಡೊ ಮಾಡಿ ಮೇಜಿನ ಹಿಂದೆ ಕೂರಿಸಿದರು. ಆರ್ಡಿಸ್ ಹಲಗೆಯ ಮೇಲೆ ವಾಕ್ಯ ಬರೆದಳು, ನನಗೆ ಈ ಕೆಲಸದಲ್ಲಿ ಆಸಕ್ತಿಯಿದೆ ಎಂಬ ಅರ್ಥದ್ದು. ಅದರ ಬಾಲ ಇನ್. ಪಾ ಲೇ ಮೊದಲು ಬೈ ಎಂದಳು. ತಿದ್ದಿದರೆ ಟು ಎಂದಳು. ಮತ್ತೆ ತಿದ್ದಿದರೆ ಮಾತೇ ನಿಂತುಹೋಯಿತು. ಸೆಟೆದ ಬೆರಳುಗಳನ್ನು ಒಂದರಮೇಲೊಂದು ಒತ್ತಿಕೊಳ್ಳುತ್ತ ನಿಂತಳು. ನಾನಂತೂ ನಗುವುದೋ ಬೇಡವೋ ಎಂದು ಗೊತ್ತಾಗದೆ ನ್ಯೂಜೆರ್ಸಿಯವನ ಹಾಗೆ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದೆ. ಆರ್ಡಿಸ್ ಇನ್, ಇನ್ ಎಂದು ಹಲಗೆಗೆ ಸೀಮೆಸುಣ್ಣ ಕುಟ್ಟುತ್ತಲೇ ಇದ್ದಳು.

"ಟೀಚರ್," ಎಂದಳು ಹಿಬಾಕ್. "ಹಸು ಕೈಬಿಟ್ಟು ಹೋಗ್ತಿದೆ. ನೀವಿನ್ನೂ ಬಾಲ ಹುಡುಕ್ತಿದೀರ."

ಸಿಟ್ಟಾಗುತ್ತಾಳೆ ಎಂದುಕೊಂಡೆ. ಬಾಲದ ವಿಷಯದಲ್ಲಿ ಆರ್ಡಿಸ್ ಯಾರನ್ನೂ ಸುಮ್ಮನೆ ಬಿಟ್ಟವಳಲ್ಲ, ನನ್ನನ್ನೂ ಸೇರಿಸಿ. ಆದರೆ ಅವಳು ಹಲಗೆಯನ್ನು ಒರೆಸಿಬಿಟ್ಟಳು. ಪಾ ಲೇಯ ಎರಡೂ ಕೈ ಹಿಡಿದುಕೊಂಡು, ನಿನಗೆ ಬಂದ ಹಾಗೆ ಹೇಳು, ಬಾಲ ಮುರಿದರೆ ಮುರಿಯಲಿ, ಆಮೇಲೆ ಅಂಟಿಸೋಣ ಎಂದಳು.

ಸೋಮವಾರ ಮಕ್ಕಳ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಹೋಗುವುದೆಂದಾಯಿತು. ಆರ್ಡಿಸ್ ಕಾರಿನಲ್ಲೇ ಉಳಿದಳು. ಒಳಗೆ ಬಂದರೆ ಮತ್ತೆ ಹವಾಮಾನದ ಮಾತು ತೆಗೆಯುತ್ತೇನೆ ಎಂದು ಅವಳಿಗೇ ಭಯ. ಪಾ ಲೇ ನನ್ನನ್ನು ಜೊತೆಗೆ ಕರೆದಳು, ಆದರೆ ಕೋಣೆಯೊಳಗೆ ಬರಬೇಡಿ ಎಂದಳು. ಹಾಗಾಗಿ ನಾನು ಹಜಾರದಲ್ಲಿ ಮಕ್ಕಳ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತೆ. ಬಾಗಿಲು ತೆರೆದೇ ಇತ್ತು. ಬಾಗಿಲ ಹೊರಗೆ ಅವಳು ಕೈಗಳನ್ನು ಉಡುಪಿಗೆ ಒರೆಸಿಕೊಂಡಳು. ಇನ್ನೊಮ್ಮೆ ಒರೆಸಿಕೊಂಡಳು. ಎಲ್ಲಿ ಹಾಗೇ ವಾಪಸು ಬಂದುಬಿಡುತ್ತಾಳೋ ಎಂದು ಬೆಂಚಿನ ತುದಿಗೆ ಸರಿದೆ. ಅವಳು ಒಳಗೆ ಹೋದಳು.

"ಸರ್, ನನಗೆ ಈ ಕೆಲಸ ಬೇಕು."

ಒಳಗೆ ಕುರ್ಚಿ ಕಿರ್ರೆಂದಿತು. "ಬೇಡ ಅಂದ್ರಲ್ಲ ನೀವು," ಎಂದ ಡಿ ನಾರ್ಡೊ. "ನಾನು ಎರಡು ಸಲ ಕೇಳಿದೆ."

"ಹೌದು ಸರ್. ಬೇಕು ಅಂತಾನೇ ಬೇಡ ಅಂದೆ. ಮೂರನೇ ಸಲ ಕೇಳ್ತೀರಿ ಅಂತ ಕಾಯ್ತಿದ್ದೆ."

"ಮೂರನೇ ಸಲ ಯಾಕೆ?"

"ಈ ಊರಲ್ಲಿ ಹಾಗೆ ಸರ್. ನಮ್ಮ ಊರಲ್ಲೂ ಹಾಗೇ. ನೀವು ಕೇಳಲಿಲ್ಲ. ಅದಕ್ಕೆ ನಾನೇ ಬಂದೆ. ರಾತ್ರಿ ಕೆಲಸಕ್ಕೆ ಹೋದ್ರೆ ನನ್ನ ಮಗಳು ನನಗೆ ಸಿಗಲ್ಲ. ನನಗೆ ಈ ಅಡುಗೆಮನೆ ಇಷ್ಟ. ಕೆಲಸ ಬೇಕು."

ಕುರ್ಚಿ ಮತ್ತೆ ಕಿರ್ರೆಂದಿತು. ಮುಗಿಯಿತು, ಹೋಯಿತು ಎಂದುಕೊಂಡೆ. ಆದರೆ ಡಿ ನಾರ್ಡೊ ಮಾತಾಡಿದಾಗ ಅವನ ದನಿಯೇ ಬೇರೆಯಾಗಿತ್ತು.

"ಅಂದ್ರೆ ಇಲ್ಲಿ ಎಲ್ಲರೂ ಎರಡು ಸಲ ಬೇಡ ಅಂತಾರಾ? ಬೇಕಿದ್ರೂ?"

"ಎಲ್ಲರೂ ಸರ್."

"ಆಗಸ್ಟಿಂದ ನಾನು ಎಷ್ಟು ಜನರನ್ನ ಮನೆಗೆ ಊಟಕ್ಕೆ ಕರೆದಿದೀನಿ ಗೊತ್ತಾ? ಎಲ್ಲರೂ ಬೇಡ ಬೇಡ ಅಂದ್ರು. ಈ ಊರಿಗೆ ನಾವು ಬೇಡ ಅನ್ಕೊಂಡಿದ್ವಿ. ನನ್ನ ಹೆಂಡತಿ ವಾಪಸ್ ಹೋಗೋಣ ಅಂತ ದಿನಾ ಹೇಳ್ತಾಳೆ."

ನಾನು ಬೆಂಚಿನ ಮೇಲೆ ಇನ್ನಷ್ಟು ಚಿಕ್ಕವನಾದೆ. ಅವನು ಕರೆದವರಲ್ಲಿ ನಾನೂ ಇದ್ದೆ. ಬೇಡಪ್ಪ, ನಿಮಗೆ ಯಾಕೆ ತೊಂದರೆ ಎಂದು ಹೇಳಿ, ಇನ್ನೊಮ್ಮೆ ಕರೆಯಲಿಲ್ಲವಲ್ಲ, ಎಂಥ ಮನುಷ್ಯ ಎಂದು ಮನೆಗೆ ಬಂದು ಬೈದುಕೊಂಡಿದ್ದೆ.

ಡಿ ನಾರ್ಡೊ ನೇರವಾಗಿಯೇ ಹೇಳಿದ. ಬೇರೆ ಇಬ್ಬರಿಗೆ ಬುಧವಾರ ಬರಲು ಹೇಳಿಯಾಗಿದೆ, ಅವರನ್ನು ಬಿಟ್ಟು ಈಗಲೇ ಅವಳಿಗೆ ಕೊಡಲಾಗುವುದಿಲ್ಲ, ಅದು ಅನ್ಯಾಯ. ಅವಳೂ ಬುಧವಾರ ಬರಬೇಕು, ಪ್ರಿನ್ಸಿಪಾಲರೂ ಇರುತ್ತಾರೆ. "ಅವರು ಈ ಊರಿನವರೇ. ಅವರ ಮುಂದೆ ಇದೇ ಥರ ಹೇಳಿ, ಸುತ್ತಿ ಬಳಸಬೇಡಿ," ಎಂದ. ಬರುತ್ತೇನೆ ಎಂದಳು ಪಾ ಲೇ. ಯೋಚಿಸಿ ಹೇಳುತ್ತೇನೆ ಎನ್ನಲಿಲ್ಲ, ನಿಮಗೆ ತೊಂದರೆ ಎನ್ನಲಿಲ್ಲ.

ಹೊರಗೆ ಬಂದವನು ನನ್ನನ್ನು ನೋಡಿದ. ಅಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿರಲಿಲ್ಲ. ಭಾನುವಾರ ನೀವೂ ಆರ್ಡಿಸ್ಸೂ ಊಟಕ್ಕೆ ಬರುತ್ತೀರಾ ಎಂದು ಕೇಳಿದ. ಅಯ್ಯೋ, ನಿಮಗೆ ಯಾಕೆ ಎಂದು ನನ್ನ ಬಾಯಿ ತಾನಾಗಿಯೇ ಶುರುಮಾಡಿತು. ಪಾ ಲೇ ನನ್ನ ಕಡೆ ನೋಡಿದಳು. ಬಸ್ಸಿನಲ್ಲಿ ಗಲಾಟೆ ಮಾಡುವ ಮಕ್ಕಳನ್ನು ನಾನು ಕನ್ನಡಿಯಲ್ಲಿ ಹೇಗೆ ನೋಡುತ್ತಿದ್ದೆನೋ ಹಾಗೆ.

"ಬರ್ತೀವಿ," ಎಂದೆ. "ಎಷ್ಟು ಗಂಟೆಗೆ?"

ಆ ಮನುಷ್ಯನ ಮುಖ ಅರಳಿದ್ದನ್ನು ನೋಡಿ ನಾಚಿಕೆಯಾಯಿತು. ಆರೇಳು ತಿಂಗಳು ಒಬ್ಬನನ್ನು ಬಾಗಿಲಾಚೆ ನಿಲ್ಲಿಸಿ, ನಾವೆಲ್ಲ ಬಹಳ ಮರ್ಯಾದೆಯವರು ಎಂದುಕೊಂಡು ಕೂತಿದ್ದೆವು.

ಗುರುವಾರ ಸಂಜೆ ನೆಲಮಾಳಿಗೆಯಲ್ಲಿ ಯಾರಿಗೂ ಪಾಠದ ಮೇಲೆ ಗಮನವಿರಲಿಲ್ಲ. ಎಲ್ಲರ ಕಣ್ಣೂ ಮೆಟ್ಟಿಲ ಮೇಲೆ. ಪಾ ಲೇ ಮಗಳನ್ನು ಕರೆದುಕೊಂಡು ಬಂದಳು, ತಲೆಯ ಮೇಲೆ ಶಾಲೆಯ ಅಡುಗೆಮನೆಯ ಬಿಳಿ ಟೋಪಿ. ತೆಗೆಯುವುದನ್ನು ಮರೆತಿದ್ದಳೋ ಬೇಕೆಂದೇ ಹಾಕಿಕೊಂಡು ಬಂದಿದ್ದಳೋ ನಾನು ಕೇಳಲಿಲ್ಲ. "ಕೆಲಸ ಸಿಕ್ಕಿತು. ಕಾಯಂ," ಎಂದಳು. ಹಿಬಾಕ್ ನಾಲಿಗೆ ಅಲುಗಾಡಿಸಿ ಹಾಕಿದ ಸಂತೋಷದ ಕೇಕೆಗೆ, ಮೇಲೆ ಚರ್ಚಿನಲ್ಲಿ ಹಾಡಿನ ಅಭ್ಯಾಸ ಮಾಡುತ್ತಿದ್ದವರು ಓಡಿಬಂದರು. ಎಲಿಸಿಯೊ ಮುಖ ತಿರುಗಿಸಿ ಮೂಗು ಒರೆಸಿಕೊಂಡ. ಆರ್ಡಿಸ್ ಪಾ ಲೇಯನ್ನು ತಬ್ಬಿಕೊಂಡಳು. ನಮ್ಮೂರಿನಲ್ಲಿ ಮದುವೆಯಲ್ಲೂ ಜನ ಅಷ್ಟು ಹೊತ್ತು ತಬ್ಬಿಕೊಳ್ಳುವುದಿಲ್ಲ.

ಅಂದು ಬಾಲಗಳ ಪಾಠ ಬಹಳ ಚೆನ್ನಾಗಿ ಆಯಿತು. ಸಂತೋಷವಾದರೆ ವಿತ್, ಹೆಮ್ಮೆಯಾದರೆ ಆಫ್, ರೂಢಿಯಾದರೆ ಟು. ಪಾ ಲೇ ಎಲ್ಲವನ್ನೂ ಸರಿಯಾಗಿ ಹೇಳಿದಳು, ಒಂದನ್ನು ಬಿಟ್ಟು. ಅದನ್ನು ಆರ್ಡಿಸ್ ತಿದ್ದಲಿಲ್ಲ.

ಕಾಫಿಯ ಹೊತ್ತಿಗೆ ನಿಂಬೆ ಬಾರ್ ಬಂತು, ಖಾಲಿಯಾಗುತ್ತ ಹೋಯಿತು, ಎಂದಿನಂತೆ ಕೊನೆಯ ತುಂಡಿಗೆ ಬಂದು ನಿಂತಿತು. ನಾನು ಚಾಕು ತರಲು ಎದ್ದೆ. ಅಷ್ಟರಲ್ಲಿ ಪಾ ಲೇ ತಟ್ಟೆಯನ್ನು ಎತ್ತಿಕೊಂಡು ಆರ್ಡಿಸ್ ಮುಂದೆ ಹಿಡಿದಳು.

"ಥರಾಮು, ತಗೊಳ್ಳಿ."

"ಬೇಡಮ್ಮ, ನೀವೇ ಯಾರಾದ್ರೂ ತಗೊಳ್ಳಿ."

"ನಿಜವಾಗ್ಲೂ ಬೇಡ್ವಾ?"

"ನಿಜವಾಗ್ಲೂ ಬೇಡ. ಹೊಟ್ಟೆ ತುಂಬಿದೆ."

"ಸರಿ, ಅರ್ಥ ಆಯ್ತು," ಎಂದಳು ಪಾ ಲೇ. ತುಂಡನ್ನು ಇಡಿಯಾಗಿ ಎತ್ತಿ ಬಾಯಿಗೆ ಹಾಕಿಕೊಂಡಳು.

ಪಾ ಲೇ ಅವಸರವಿಲ್ಲದೆ ಅಗಿದಳು. ತುಟಿಗೆ ಅಂಟಿದ ಸಕ್ಕರೆಯನ್ನು ಒರೆಸಿಕೊಂಡು ಆರ್ಡಿಸ್ ಮುಖವನ್ನೇ ನೋಡುತ್ತ ನಿಂತಳು. ಆರ್ಡಿಸ್ ಕೈ ಮಡಿಲಲ್ಲಿತ್ತು, ಕಣ್ಣು ಖಾಲಿ ತಟ್ಟೆಯ ಮೇಲಿತ್ತು. ಕೆನ್ನೆ ಕೆಂಪಾಗುತ್ತ ಕಿವಿಯವರೆಗೆ ಏರಿತು.

"ನನಗದು ಬೇಕಿತ್ತು," ಎಂದಳು ನನ್ನ ಹೆಂಡತಿ.

ಮೊದಲು ನಕ್ಕವಳು ಅವಳೇ. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಆ ಮಾತು ನಾನು ಕೇಳಿದ್ದು ಅಂದೇ. ಪಾ ಲೇ ತನ್ನ ಚೀಲಕ್ಕೆ ಕೈಹಾಕಿ, ಕಾಗದದಲ್ಲಿ ಮೊದಲೇ ಸುತ್ತಿಟ್ಟುಕೊಂಡಿದ್ದ ಇನ್ನೊಂದು ತುಂಡನ್ನು ತೆಗೆದು ಅವಳ ಕೈಯಲ್ಲಿಟ್ಟಳು. ಆರ್ಡಿಸ್ ಅದನ್ನು ಯಾರಿಗೂ ಅರ್ಧ ಕೊಡದೆ ತಿಂದಳು. ನನಗೆ ತೊಳೆಯಲು ಬಂದ ತಟ್ಟೆಯಲ್ಲಿ ಅಂದು ಒಂದು ಚೂರೂ ಇರಲಿಲ್ಲ.